ಉಪ್ಪು ಹಾಕುವ ಕೈ

ಭವಾನಿ ಗಂಡನಿಗೆ ಗಂಜಿ ಕುಡಿಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಬಲಗಡೆ ಹಾಕಿದರೆ ಸೋರಿಹೋಗುತ್ತದೆಂದು ಚಮಚವನ್ನು ಬಾಯಿಯ ಎಡಗಡೆಗೆ ಹಿಡಿಯಬೇಕು, ಅವನು ನುಂಗುವವರೆಗೆ ಕಾಯಬೇಕು, ಅವಸರ ಮಾಡಿದರೆ ಕೆಮ್ಮು ಬರುತ್ತದೆ. ಹಾಗಾಗಿ ಅವಳು ಫೋನು ಎತ್ತಲಿಲ್ಲ. ಅದು ನಿಂತು ಮತ್ತೆ ಹೊಡೆದುಕೊಳ್ಳತೊಡಗಿದಾಗ ಮಗಳು ಶ್ರೀಗೌರಿ ಒಳಗಿನಿಂದ ಬಂದು, "ಅಮ್ಮ, ಭದ್ರಾವತಿಯವರು. ಮದುವೆ ಅಡುಗೆ ವಿಷಯವಂತೆ" ಎಂದು ಅದನ್ನು ತಾಯಿಯ ಕಿವಿಗೇ ಹಿಡಿದಳು.

ಫೋನು ಅವಳ ಗಂಡ ಪುಟ್ಟಣ್ಣನದು. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಮದುವೆ, ಮುಂಜಿ ಗೊತ್ತಾಯಿತೆಂದರೆ ಜನ ಛತ್ರಕ್ಕಿಂತ ಮೊದಲು ವಿಚಾರಿಸುತ್ತಿದ್ದದ್ದು ಅಡುಗೆ ಪುಟ್ಟಣ್ಣ ಬಿಡುವಾಗಿದ್ದಾನೆಯೇ ಎಂದು. ಕೆಲವರಂತೂ ಅವನಿಗಾಗಿ ಮುಹೂರ್ತವನ್ನೇ ಮುಂದೆ ಹಾಕಿದ್ದರು. ಅಂಥವನು ಈಗ ಕೋಟೆ ರಸ್ತೆಯ ಬಾಡಿಗೆ ಮನೆಯ ನಡುಮನೆಯಲ್ಲಿ ಮಂಚದ ಮೇಲಿದ್ದ. ಬಲಗೈ ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ, ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

ಅದು ಆದದ್ದು ಒಂದು ಗೃಹಪ್ರವೇಶದ ದಿನ. ಪಾಯಸ ಕಲಕುತ್ತಿದ್ದವನ ಕೈಯಿಂದ ಸೌಟು ಜಾರಿತು. ಬಾಯಿ ಒಂದು ಕಡೆಗೆ ವಾಲಿತು, ಮಾತು ತೊದಲಿತು. ದೊಡ್ಡ ಒಲೆಯ ಮುಂದೆ ಬದುಕುವವರಿಗೆ ಝಳ ಹೊಡೆದು ತಲೆ ತಿರುಗುವುದು ಹೊಸದೇನಲ್ಲ. ಅದಕ್ಕೆ ಅವರದೇ ಮದ್ದೂ ಇದೆ. ಉಗ್ರಾಣದ ತಣ್ಣನೆಯ ನೆಲದಲ್ಲಿ ಮಲಗಿಸಿ, ತಲೆಗೆ ಒದ್ದೆ ಬಟ್ಟೆ ಹಾಕಿ, ನೀರು ಮಜ್ಜಿಗೆ ಕುಡಿಸುವುದು. ಹತ್ತು ವರ್ಷದಿಂದ ಅಡುಗೆಯಲ್ಲಿ ಅವನ ಜೊತೆಗಿದ್ದ ಶಶಿಧರ್ ಅದನ್ನೇ ಮಾಡಿದ. ಕೊನೆಯ ಪಂಕ್ತಿ ಎದ್ದು ಎಲೆ ತೆಗೆಯುವವರೆಗೂ ಪುಟ್ಟಣ್ಣ ಅದೇ ನೆಲದ ಮೇಲಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು, "ಇದು ಝಳ ಅಲ್ಲಪ್ಪ, ಸ್ಟ್ರೋಕು. ಬಾಯಿ ವಾಲಿದ ತಕ್ಷಣ ತಂದಿದ್ರೆ ಕೊಡೋ ಇಂಜೆಕ್ಷನ್ನೇ ಬೇರೆ ಇತ್ತು" ಎಂದರು. ಬೈಯಲಿಲ್ಲ, ಸುಮ್ಮನೆ ಹೇಳಿದರು ಅಷ್ಟೇ. ಆದರೂ ಆ ಮಾತು ಶಶಿಧರನ ಎದೆಯಲ್ಲಿ ಕೂತುಬಿಟ್ಟಿತು. ಆಮೇಲೆ ಅವನು ಕೋಟೆ ರಸ್ತೆಯ ಕಡೆ ತಲೆ ಹಾಕಲಿಲ್ಲ.

"ಏನಮ್ಮ, ನಮ್ಮದು ಗ್ಯಾರಂಟಿ ತಾನೇ?" ಫೋನಿನಲ್ಲಿ ಮದುವೆ ಹುಡುಗಿಯ ತಂದೆ ಕೇಳುತ್ತಿದ್ದರು. "ಪುಟ್ಟಣ್ಣಂಗೆ ಹುಷಾರಿಲ್ಲ ಅಂತ ಕೇಳ್ದೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇಜಾರಿಲ್ಲ. ಬೇರೆಯವರನ್ನ ನೋಡ್ಕೋತೀವಿ."

ಇಂಥ ಫೋನುಗಳಿಗೆಲ್ಲ ಭವಾನಿ ಇಲ್ಲಿಯವರೆಗೆ ಒಂದೇ ಉತ್ತರ ಕೊಟ್ಟಿದ್ದಳು: ಆಗಲ್ಲ, ಕ್ಷಮಿಸಿ. ಅದೇ ಉತ್ತರ ಈಗಲೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಫೋನು ಹಿಡಿದು ನಿಂತ ಮಗಳು ಕಣ್ಣಿಗೆ ಬಿದ್ದಳು. ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದ ಹುಡುಗಿ ಗಾಂಧಿ ಬಜಾರಿನ ಸೀರೆ ಅಂಗಡಿಯ ಯೂನಿಫಾರ್ಮ್ ಸೀರೆ ಉಟ್ಟಿದ್ದಳು. ಕೆಲಸಕ್ಕೆ ಅವತ್ತು ಮೊದಲ ದಿನ. ಸೀರೆಗೆ ಪಿನ್ನು ಸಿಕ್ಕಿಸಿಕೊಂಡು, ಕಾಲೇಜಿನ ಬ್ಯಾಗನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದಳು.

"ಬರ್ತೀವಿ," ಎಂದಳು ಭವಾನಿ. "ನಿಮ್ಮನೆ ಮದುವೆಗೆ ಏನೂ ಕೊರತೆ ಆಗಲ್ಲ."

ಮೂವತ್ತು ಜನರ ಶ್ರಾದ್ಧದ ಅಡುಗೆಗಿಂತ ದೊಡ್ಡದನ್ನು ಅವಳು ಜನ್ಮದಲ್ಲಿ ಮಾಡಿದವಳಲ್ಲ.

ಸುದ್ದಿ ತಿಳಿದು ಭಾನುವಾರ ಭದ್ರಾವತಿಯಿಂದ ಮೈದುನ ಗುರುಪ್ರಸಾದ ಬಂದ. ಸರ್ಕಾರಿ ನೌಕರಿಯಲ್ಲಿದ್ದು ನ್ಯೂಟೌನಿನಲ್ಲಿ ಮನೆ ಕಟ್ಟಿಸಿದವನು. ಕೆಟ್ಟವನಲ್ಲ. ಅಣ್ಣ ಬಿದ್ದ ದಿನದಿಂದ ತಿಂಗಳು ತಿಂಗಳೂ ತಪ್ಪದೆ ದುಡ್ಡು ಕಳಿಸುತ್ತಿದ್ದ. ಆದರೆ ಬಂದಾಗಲೆಲ್ಲ ಮಂಚದಿಂದ ಮಾರು ದೂರದ ಕುರ್ಚಿಯಲ್ಲಿ ಕೂತು, ಅಣ್ಣನ ಮುಖ ನೋಡಲಾರದೆ ಕಾಫಿ ಕುಡಿದು ಎದ್ದುಹೋಗುತ್ತಿದ್ದ.

"ಅತ್ತಿಗೆ, ನಾನು ಕಳಿಸ್ತಾ ಇದೀನಿ. ಗೌರಿಗೂ ಕೆಲಸ ಸಿಕ್ತು. ಹೇಗೋ ನಡೀತದೆ. ಇದೆಲ್ಲ ಯಾಕೆ ಬೇಕಿತ್ತು?"

"ನೀನು ಎಷ್ಟು ದಿನ ಅಂತ ಕಳಿಸ್ತೀಯ ಗುರು? ನಿಂಗೂ ಮಕ್ಕಳಿದಾರೆ. ಫಿಸಿಯೋಥೆರಪಿಯವರು ಇನ್ನೂ ವರ್ಷ ಬೇಕು ಅಂದಿದಾರೆ. ಈ ಹುಡುಗಿ ಓದು ಅರ್ಧಕ್ಕೆ ಬಿಟ್ಟು ಸೀರೆ ಮಡಚ್ತಾ ಕೂತ್ರೆ ಆಮೇಲೆ ಅವಳ ಗತಿ ಏನು?"

"ಹಂಗಂತ ನೀವು ಛತ್ರದ ಒಲೆ ಮುಂದೆ ನಿಲ್ಲೋದಾ? ನಮ್ಮ ಕಡೆ ಹೆಂಗಸರು ಮದುವೆ ಅಡುಗೆಗೆ ಯಜಮಾನಿಕೆ ಮಾಡಿದ್ದು ಎಲ್ಲಾದ್ರೂ ನೋಡಿದೀರಾ? ಆರು ನೂರು ಜನ, ಅತ್ತಿಗೆ. ಒಂದು ಹುಳಿ ಕೆಟ್ರೂ ಅಣ್ಣ ಇಷ್ಟು ವರ್ಷ ಕಟ್ಟಿದ ಹೆಸರು ಮಧ್ಯಾಹ್ನದೊಳಗೆ ಹೋಗ್ತದೆ. ಅದಾದ್ರೂ ಉಳೀಲಿ ಅಂತ ನಂಗೆ."

"ಆ ಹೆಸರಿನ ಸಾರಿನ ಪುಡಿ ಹುರಿದೋಳು ಯಾರು?" ಭವಾನಿಯ ದನಿ ಏರಲಿಲ್ಲ. "ಹುಳಿ ಪುಡಿ ಯಾರದ್ದು? ಮದುವೆ ಎಲ್ಲೇ ಇರ್ಲಿ, ಡಬ್ಬ ಈ ಮನೆಯಿಂದ ಹೋಗ್ತಿತ್ತು. ನಾನು ಹೋಗ್ತಿರ್ಲಿಲ್ಲ ಅಷ್ಟೇ."

ಗುರುಪ್ರಸಾದ ಕಾಫಿ ಲೋಟ ಕೆಳಗಿಟ್ಟ. "ಅಣ್ಣನ್ನ ಕೇಳಿ. ಅವನು ಹೂಂ ಅಂದ್ರೆ ನಂದೇನೂ ತಕರಾರಿಲ್ಲ" ಎಂದ.

ಇಬ್ಬರೂ ಮಂಚದ ಕಡೆ ತಿರುಗಿದರು. ಪುಟ್ಟಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಹೆಂಡತಿಯನ್ನು ಒಂದು ಗಳಿಗೆ ನೋಡಿ, ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಭವಾನಿಗೆ ಅಳು ಬಂದದ್ದು ಆಗ. ಅಡುಗೆಮನೆಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಹಿಂದೆಯೇ ಬಂದ ಗೌರಿಗೆ, "ನಂಗೆ ನೋವಾಯ್ತು ಕಣೇ. ಊರು ಬೇಡ ಅಂದ್ರೆ ತಡ್ಕೋತೀನಿ. ಇವ್ರಿಗಾಗಿ ಮಾಡ್ತಿರೋದು, ಇವ್ರೇ ಬೇಡ ಅಂದ್ರೆ ಹೇಗೆ?" ಎಂದಳು. ಆದರೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಖ ತೊಳೆದು, ಅವತ್ತೇ ಶಶಿಧರನ ಮನೆಗೆ ಹೋದಳು.

ಅವಳನ್ನು ಬಾಗಿಲಲ್ಲಿ ಕಂಡು ಶಶಿಧರ್ ಎದ್ದು ನಿಂತವನು ಕೂರಲೇ ಇಲ್ಲ. "ಅಕ್ಕ, ನಂಗೆ ನಿಮ್ಮ ಮುಖ ನೋಡಕ್ಕೆ ಆಗ್ತಿಲ್ಲ. ಮಜ್ಜಿಗೆ ಕುಡಿಸ್ತಾ ಕೂತೆನಲ್ಲ."

"ನಾನಿದ್ರೂ ಅದನ್ನೇ ಮಾಡ್ತಿದ್ದೆ ಕಣೋ. ಯಾರಿಗೆ ಗೊತ್ತಿತ್ತು? ಈಗ ಗೊತ್ತಾಯ್ತಲ್ಲ. ಭದ್ರಾವತಿ ಮದುವೆಗೆ ಅಡುಗೆ ಹುಡುಗರನ್ನ ಕರ್ಕೊಂಡು ಬಾ."

"ನೀವು ಕರೆದ್ರೆ ಬರದೇ ಇರ್ತೀನಾ? ಬರ್ತೀವಿ." ಒಪ್ಪಿಕೊಂಡವನು ತಲೆ ತಗ್ಗಿಸಿ ಒಂದು ಮಾತು ಸೇರಿಸಿದ. "ಆದ್ರೆ ಅಣ್ಣನ ಜಾಗದಲ್ಲಿ ಯಾರೂ ನಿಲ್ಲೋದು ಬೇಡ ಅಕ್ಕ. ನಾನೂ ಬೇಡ, ನೀವೂ ಬೇಡ. ಅದು ಅಣ್ಣಂದೇ ಇರ್ಲಿ. ಹೇಗೋ ಎಲ್ಲರೂ ಸೇರಿ ಸುಧಾರಿಸೋಣ."

ಮಾತು ಗೌರವದ್ದೇ. ಭವಾನಿ ಹೂಂ ಎಂದಳು.

ಮದುವೆ ಭದ್ರಾವತಿ ಹಳೇನಗರದ ಒಂದು ಛತ್ರದಲ್ಲಿ. ಪುಟ್ಟಣ್ಣನನ್ನು ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ಅವನನ್ನೂ ಕರೆದುಕೊಂಡು ಹೋಗುವುದೆಂದಾಯಿತು. ಗೌರಿ ಅಂಗಡಿಗೆ ರಜೆ ಹಾಕಿದಳು. ಗುರುಪ್ರಸಾದ ಮುಖ ಗಂಟು ಹಾಕಿಕೊಂಡೇ ತನ್ನ ಕಾರು ತಂದ. ಗಾಲಿ ಕುರ್ಚಿಯನ್ನು ಅಡುಗೆಮನೆಯ ಹಿಂದಿನ ಓಣಿಯಲ್ಲಿ, ಗಾಳಿ ಬರುವ ಕಡೆ ಹಾಕಿದರು. ಅಲ್ಲಿಂದ ಒಲೆ ಕಾಣಿಸುತ್ತಿರಲಿಲ್ಲ. ಹೆಂಡತಿ ಸೌಟು ಹಿಡಿದದ್ದನ್ನು ನೋಡಿ ಅವನಿಗೆ ಸಂಕಟವಾಗದಿರಲಿ ಎಂದು ಭವಾನಿಯೇ ಆ ಜಾಗ ಹೇಳಿದ್ದಳು.

ಒಳಗೆ ಕಾಲಿಟ್ಟ ಭವಾನಿ ಬಾಗಿಲಲ್ಲೇ ನಿಂತುಬಿಟ್ಟಳು. ಅಷ್ಟು ವರ್ಷ ಪುಡಿ ಹುರಿದು ಕಳಿಸಿದವಳು, ಅದು ಬೀಳುವ ಕೊಪ್ಪರಿಗೆಯನ್ನು ನೋಡಿದ್ದು ಅದೇ ಮೊದಲು. ಇಬ್ಬರು ಮಕ್ಕಳು ಒಳಗೆ ಕೂತು ಸ್ನಾನ ಮಾಡಬಹುದು, ಅಂಥ ಕೊಪ್ಪರಿಗೆ. ಅದರ ಕೆಳಗೆ ಬೆಂಕಿ ಸದ್ದು ಮಾಡಿಕೊಂಡು ಉರಿಯುತ್ತಿತ್ತು. ಅಕ್ಕಿ ತೊಳೆದ ನೀರು ಹೊಳೆಯಂತೆ ಮೋರಿಯಲ್ಲಿ ಹರಿಯುತ್ತಿತ್ತು. ಹೆಚ್ಚಿದ ಕುಂಬಳದ ಹೋಳು ಚಾಪೆಯ ಮೇಲೆ ಸೊಂಟದೆತ್ತರ ಬಿದ್ದಿತ್ತು. ಇದನ್ನೆಲ್ಲ ಒಬ್ಬ ಮನುಷ್ಯ ಇಷ್ಟು ವರ್ಷ ತಲೆಯಲ್ಲಿಟ್ಟುಕೊಂಡು, ಮನೆಗೆ ಬಂದು, ಏನೂ ಆಗದವನಂತೆ ಕಾಲು ತೊಳೆದು ಮಲಗುತ್ತಿದ್ದನಲ್ಲ ಎಂದು ಅವಳಿಗೆ ಬೆರಗಾಯಿತು. ಗಂಡನ ಮೇಲಿದ್ದ ಸಿಟ್ಟು ಆ ಬಾಗಿಲಲ್ಲೇ ಅರ್ಧ ಇಳಿಯಿತು. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಬೆಳಗಿನ ತಿಂಡಿ ಚೆನ್ನಾಗಿಯೇ ಹೋಯಿತು. ಹುಡುಗರು ಅವಳ ಮಾತನ್ನು ತೆಗೆದುಹಾಕುತ್ತಿರಲಿಲ್ಲ, ಆದರೆ ಅವಳು ಹೇಳಿದ್ದಕ್ಕೆ ಶಶಿಧರನ ಮುಖ ನೋಡುತ್ತಿದ್ದರು. ಅವನು ತಲೆಯಾಡಿಸಿದರೆ ಮಾಡುತ್ತಿದ್ದರು. ಭವಾನಿ ಅದನ್ನು ಗಮನಿಸಿಯೂ ಸುಮ್ಮನಿದ್ದಳು. ಹುಳಿಗೆ ಪುಡಿ ಎಷ್ಟು, ಹುಣಸೆರಸ ಎಷ್ಟು ಎಂದು ಹೇಳಿದಳು. ಬೇಳೆ ಬೆಂದು ಹೋಳಿನೊಂದಿಗೆ ಕೂಡಿಕೊಂಡಿತು. ಪಕ್ಕದ ಒಲೆಯಲ್ಲಿ ಸಾರು ಕುದಿಯತೊಡಗಿತು. ಹೊರಗೆ ಧಾರೆಯ ಓಲಗ ಜೋರಾಯಿತು.

ಪುಟ್ಟಣ್ಣನ ಅಡುಗೆಮನೆಯಲ್ಲಿ ಎರಡು ಕಟ್ಟಳೆಗಳಿದ್ದವು. ನೈವೇದ್ಯವಾಗುವವರೆಗೆ ಯಾರೂ ಏನನ್ನೂ ರುಚಿ ನೋಡುವಂತಿಲ್ಲ. ಅದು ಎಲ್ಲ ಅಡುಗೆ ಭಟ್ಟರ ಕಡೆಯೂ ಇರುವುದೇ. ಇನ್ನೊಂದು ಅವನದೇ ಕಟ್ಟಳೆ: ಪಲ್ಯಕ್ಕೆ, ಕೋಸಂಬರಿಗೆ ಯಾರು ಬೇಕಾದರೂ ಉಪ್ಪು ಹಾಕಬಹುದು, ಮದುವೆ ಊಟದ ಹುಳಿಗೆ ಮತ್ತು ಸಾರಿಗೆ ಮಾತ್ರ ಅಡುಗೆಯ ಯಜಮಾನ ಒಬ್ಬನೇ ಹಾಕಬೇಕು. ರುಚಿ ನೋಡುವಂತಿಲ್ಲವೆಂದ ಮೇಲೆ ಇಬ್ಬರ ಕೈ ಬಿದ್ದರೆ ಮುಗಿಯಿತಲ್ಲ. ಆ ಹೊತ್ತಿಗೆ ಎಲ್ಲರೂ ಹಿಂದೆ ಸರಿದು ನಿಲ್ಲುತ್ತಿದ್ದರು, ಪುಟ್ಟಣ್ಣ ಉಪ್ಪಿನ ಮರಿಗೆಗೆ ಕೈ ಹಾಕುತ್ತಿದ್ದ. ಸಾಕೋ ಸಾಲದೋ ಎಂದು ಅವನು ತಿಳಿಯುತ್ತಿದ್ದದ್ದು ಮೇಲೇಳುವ ಆವಿಯ ವಾಸನೆಯಿಂದ.

ನೈವೇದ್ಯಕ್ಕೆ ಎಲೆ ಹಾಕಿದ್ದಾರೆಂದು ಹೊರಗಿನಿಂದ ಕರೆ ಬಂತು. ಅದೇ ಹೊತ್ತಿಗೆ ಹಿಂದಿನ ಓಣಿಯಿಂದ ಧಡಧಡ ಸದ್ದು.

ಪುಟ್ಟಣ್ಣ ಎಡಗೈಯಿಂದ ಕುರ್ಚಿಯ ತೋಳನ್ನು ಬಡಿಯುತ್ತಿದ್ದ. ಗಂಟಲಿನಿಂದ ಏನೋ ದನಿ ಹೊರಡುತ್ತಿತ್ತು, ಮುಖ ಕೆಂಪೇರಿತ್ತು. ಗೌರಿ ನೀರು ಹಿಡಿದಳು, ಅವನು ಲೋಟವನ್ನು ತಳ್ಳಿಬಿಟ್ಟ. ಗುರುಪ್ರಸಾದ ಓಡಿ ಬಂದು ನೋಡಿದವನೇ, "ಅತ್ತಿಗೆ, ಮತ್ತೆ ಸ್ಟ್ರೋಕ್ ಆಗ್ತಿದೆ ಅನ್ಸತ್ತೆ" ಎಂದ.

ಶಶಿಧರ್ ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಿಸಾಡಿದ. "ಕಾರು ತೆಗೀರಿ. ಮಜ್ಜಿಗೆ ಇಲ್ಲ, ಗಾಳಿ ಇಲ್ಲ, ಏನೂ ಬೇಡ. ಈ ಸಲ ಒಂದು ನಿಮಿಷನೂ ಬೇಡ. ಮದುವೆ ಹಾಳಾಗಿ ಹೋಗ್ಲಿ." ಹೇಳುತ್ತಲೇ ಅವನು ಪುಟ್ಟಣ್ಣನ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ.

ಭವಾನಿ ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಡಾಕ್ಟರು ಕಲಿಸಿದ್ದನ್ನು ನೆನಪು ಮಾಡಿಕೊಂಡಳು. ಬಾಯಿ ಬೆಳಿಗ್ಗೆ ಇದ್ದ ಹಾಗೇ ಇತ್ತು, ಹೆಚ್ಚು ವಾಲಿರಲಿಲ್ಲ. ಎಡಗೈಯನ್ನು ಹಿಡಿದು, "ಒತ್ತಿ" ಎಂದಳು. ಅವನು ಅವಳ ಬೆರಳು ನೋಯುವ ಹಾಗೆ ಒತ್ತಿದ. ಕಣ್ಣು ನಿಚ್ಚಳವಾಗಿತ್ತು. ಅದರಲ್ಲಿದ್ದದ್ದು ಹೆದರಿಕೆಯಲ್ಲ, ಬೈಗುಳ. ಅವನು ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆದು, ಒಳಗಿನ ಒಲೆಗಳ ಕಡೆ ಕೈ ತೋರಿಸಿದ. ಮತ್ತೆ ಉಸಿರೆಳೆದ, ಮತ್ತೆ ತೋರಿಸಿದ.

ಮೂವತ್ತು ವರ್ಷ ಜೊತೆಗೆ ಬಾಳಿದವಳು. ಎದ್ದು ನಿಂತು, "ಶಶೀ, ಹುಳಿಗೆ ಉಪ್ಪು ಹಾಕಿದ್ಯಾ?" ಎಂದು ಕೇಳಿದಳು.

"ನಾನ್ಯಾಕೆ ಹಾಕ್ಲಿ ಅಕ್ಕ? ಅದು ಅಣ್ಣನ ಕೈಯಲ್ಲಿ ಆಗೋ ಕೆಲಸ. ನೀವು ಹಾಕಿರ್ತೀರ ಅಂತ..."

"ನಾನು ನೀನು ಹಾಕಿರ್ತೀಯ ಅಂದ್ಕೊಂಡೆ. ಇವ್ರು ಇಲ್ದಾಗ ದೊಡ್ಡವನು ನೀನಲ್ವಾ, ನಿನ್ನ ಮೀರೋದು ಬೇಡ ಅಂತ ಸುಮ್ನಿದ್ದೆ."

ಹುಳಿಯಲ್ಲೂ ಉಪ್ಪಿರಲಿಲ್ಲ, ಸಾರಿನಲ್ಲೂ ಇರಲಿಲ್ಲ. ಒಬ್ಬರಿಗೊಬ್ಬರು ಮರ್ಯಾದೆ ಕೊಡಲು ಹೋಗಿ ಆರು ನೂರು ಜನರ ಎಲೆಗೆ ಸಪ್ಪೆ ಬಡಿಸುವವರಿದ್ದರು. ಒಲೆ ಕಾಣದ ಓಣಿಯಲ್ಲಿ, ಕುರ್ಚಿಗೆ ಅಂಟಿಕೊಂಡು ಕೂತ ಮನುಷ್ಯ ಅದನ್ನು ಬರೀ ಆವಿಯ ವಾಸನೆಯಲ್ಲಿ ಕಂಡುಹಿಡಿದಿದ್ದ. ನೀರು ಬೇಕು ಎಂದು ಹೇಳಲಾರದವನು, ತನ್ನ ಮಗಳ ಹೆಸರು ಕರೆಯಲಾರದವನು. ಅವನ ತಲೆಯೊಳಗೆ ಏನೇನು ಅಳಿಸಿಹೋಗಿತ್ತೋ ದೇವರಿಗೇ ಗೊತ್ತು, ಇದೊಂದು ಮಾತ್ರ ಅಳಿಸಿರಲಿಲ್ಲ. ಗುರುಪ್ರಸಾದ ಅಣ್ಣನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ನಿಂತ. ಇಷ್ಟು ದಿನ ಅವನು ಮಂಚದ ಮೇಲೆ ಅಣ್ಣನ ಶರೀರ ಮಾತ್ರ ಉಳಿದಿದೆ ಎಂದುಕೊಂಡಿದ್ದ.

ಶಶಿಧರ್ ಕುರ್ಚಿಯನ್ನು ತಳ್ಳಿಕೊಂಡು ಬಂದು ಹುಳಿಯ ಕೊಪ್ಪರಿಗೆಯ ಪಕ್ಕ ನಿಲ್ಲಿಸಿದ. ಉಪ್ಪಿನ ಮರಿಗೆಯನ್ನು ಎರಡೂ ಕೈಯಲ್ಲಿ ತಂದು ಪುಟ್ಟಣ್ಣನ ತೊಡೆಯ ಮೇಲಿಟ್ಟ. "ನೀವೇ ಹಾಕಿ ಅಣ್ಣ," ಎಂದ. ಹುಡುಗರೆಲ್ಲ ಅಭ್ಯಾಸದಂತೆ ಹಿಂದೆ ಸರಿದರು.

ಪುಟ್ಟಣ್ಣನ ಎಡಗೈ ಮೇಲೆದ್ದಿತು. ಮರಿಗೆಯವರೆಗೆ ಹೋಗಿ ತಡೆಯಿತು. ದೇವರ ಎಲೆಗೆ ಬಡಿಸುವ ಹುಳಿಗೆ ಎಡಗೈಯಲ್ಲಿ ಉಪ್ಪು ಹಾಕುವುದುಂಟೆ? ಅವನು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ಉಪ್ಪಿನ ಮೇಲಿಟ್ಟ. ಬೆರಳು ಮಡಚಲಿಲ್ಲ. ಇನ್ನೊಮ್ಮೆ ಇಟ್ಟ. ಅವನ ಹಣೆಯಲ್ಲಿ ಬೆವರು ಮೂಡಿತು, ಬೆರಳು ಮಡಚಲಿಲ್ಲ. ಶಶಿಧರ್ ಮುಖ ತಿರುಗಿಸಿಕೊಂಡ. ಗೌರಿ ಅಳತೊಡಗಿದಳು. ಹೊರಗಿನಿಂದ ಯಾರೋ, "ನೈವೇದ್ಯಕ್ಕೆ ತಡ ಆಯ್ತು, ಭಟ್ರೇ" ಎಂದು ಮತ್ತೆ ಕೂಗಿದರು.

ಪುಟ್ಟಣ್ಣ ಬಲಗೈಯನ್ನು ಮೆಲ್ಲನೆ ಎತ್ತಿ ತೊಡೆಯ ಮೇಲೆ ಇಳಿಸಿದ. ತಲೆ ಎತ್ತಿ ಸುತ್ತ ನೋಡಿದ. ಶಶಿಧರನನ್ನು ನೋಡಿದ, ಹುಡುಗರನ್ನು ನೋಡಿದ. ಆಮೇಲೆ ಎಡಗೈ ಚಾಚಿ ಭವಾನಿಯ ಬಲಗೈಯ ಮಣಿಕಟ್ಟನ್ನು ಹಿಡಿದು, ಆ ಕೈಯನ್ನು ತಂದು ಉಪ್ಪಿನೊಳಗೆ ಒತ್ತಿದ.

ಭವಾನಿಗೆ ಕಣ್ಣು ಮಂಜಾಯಿತು. ಅಳುವ ಹೊತ್ತಲ್ಲ ಅದು. ಹಿಡಿ ತುಂಬ ಉಪ್ಪು ತೆಗೆದು ಕೊಪ್ಪರಿಗೆಗೆ ಹಾಕಿದಳು. ಶಶಿಧರ್ ಉದ್ದನೆಯ ಸೌಟು ಹಿಡಿದು ತಳದಿಂದ ಕಲಕಿದ. ಆವಿ ಎದ್ದಿತು. ಪುಟ್ಟಣ್ಣ ಮೂಗು ಮುಂದೆ ಚಾಚಿ, ಅವಳ ಕೈಯನ್ನು ಮತ್ತೆ ಮರಿಗೆಯ ಕಡೆ ತಳ್ಳಿದ. ಅವಳು ಮತ್ತೆ ಹಾಕಿದಳು. ಮತ್ತೆ ಆವಿ, ಮತ್ತೆ ತಳ್ಳುವುದು. ಕಡೆಗೊಮ್ಮೆ ಅವನು ಉಸಿರೆಳೆದು ಕಣ್ಣು ಮುಚ್ಚಿದ, ಅವಳ ಕೈಯನ್ನು ಬಿಟ್ಟ. ಸಾರಿಗೆ ಅವಳೊಬ್ಬಳೇ ಹಾಕಿದಳು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ, ಕುರ್ಚಿಗೆ ಒರಗಿ ಕೂತಿದ್ದ.

ನೈವೇದ್ಯವಾಯಿತು. ಗೌರಿ ಅಪ್ಪನ ಕುರ್ಚಿಯನ್ನು ಮತ್ತೆ ಓಣಿಯ ಗಾಳಿಗೆ ತಳ್ಳಿಕೊಂಡು ಹೋದಳು. ಪಂಕ್ತಿಯ ಮೇಲೆ ಪಂಕ್ತಿ ಕೂತಿತು. ಅಡುಗೆ ಯಾರದ್ದೆಂದು ಊಟದಲ್ಲಿ ಯಾರೂ ಕೇಳಲಿಲ್ಲ, ಹುಳಿಯನ್ನು ಮಾತ್ರ ಕರೆದು ಕರೆದು ಹಾಕಿಸಿಕೊಂಡರು. "ಹುಳಿ ಬಿಸಿ ಮಾಡಿ ಮತ್ತೆ ಕಳಿಸ್ಬೇಕಂತೆ, ಏನು ಮಾಡ್ಲಿ?" ಎಂದು ಬಡಿಸುವ ಹುಡುಗ ಬಂದಾಗ ಶಶಿಧರ್ ತಲೆಯನ್ನೂ ಎತ್ತದೆ, "ನನ್ನೇನು ಕೇಳ್ತೀಯೋ ಮಾರಾಯ, ಅಕ್ಕನ್ನ ಕೇಳು" ಎಂದ.

ಕೊನೆಯ ಪಂಕ್ತಿಯಲ್ಲೂ ಗುರುಪ್ರಸಾದ ಊಟಕ್ಕೆ ಕೂರಲಿಲ್ಲ. ಒಂದು ತಟ್ಟೆಯಲ್ಲಿ ಮೆತ್ತಗಿನ ಅನ್ನ ಹಾಕಿಸಿ, ಹುಳಿ ಕಲಸಿಕೊಂಡು ಓಣಿಗೆ ಬಂದ. ಗೌರಿಯನ್ನು ಊಟಕ್ಕೆ ಕಳಿಸಿ, ಸ್ಟೂಲು ಎಳೆದುಕೊಂಡು ಅಣ್ಣನ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ಮೊದಲ ತುತ್ತನ್ನು ಬಲಗಡೆ ಹಿಡಿದ, ಅರ್ಧ ಸೋರಿತು. ಪುಟ್ಟಣ್ಣ ಮುಖವನ್ನು ಸ್ವಲ್ಪ ತಿರುಗಿಸಿ ಬಾಯಿಯ ಎಡಗಡೆಯನ್ನು ಅವನಿಗೆ ಕೊಟ್ಟ. ಎರಡನೆಯ ತುತ್ತು ಸರಿಯಾಗಿ ಒಳಗೆ ಹೋಯಿತು. ಗುರುಪ್ರಸಾದ ಪಂಚೆಯ ತುದಿಯಿಂದ ಅಣ್ಣನ ಗದ್ದ ಒರೆಸಿದ, ಹಾಗೆಯೇ ತನ್ನ ಕಣ್ಣನ್ನೂ ಒರೆಸಿಕೊಂಡ.

ಹುಡುಗಿಯ ತಂದೆ ಅಲ್ಲಿಗೇ ಬಂದರು. ಪುಟ್ಟಣ್ಣನಿಗೆ ಕೈ ಮುಗಿದು, ಭವಾನಿಯನ್ನು ಕರೆಸಿದರು. "ಹೊಟ್ಟೆ ತುಂಬ ಊಟ ಹಾಕಿದ್ರಿ ಅಮ್ಮ. ಮುಂದಿನ ತಿಂಗಳು ನಮ್ಮಣ್ಣನ ಮೊಮ್ಮಗನ ಮುಂಜಿ ಇದೆ, ಶಿವಮೊಗ್ಗದಲ್ಲೇ. ನೀವೇ ಮಾಡಿಕೊಡಬೇಕು."

ಭವಾನಿ ನೋಡಿದ್ದು ಗಂಡನ ಕುರ್ಚಿಯನ್ನು, ಆಮೇಲೆ ಊಟ ಮುಗಿಸಿ ಬರುತ್ತಿದ್ದ ಮಗಳನ್ನು. ಪ್ರತಿ ಸಲವೂ ಇವರನ್ನು ಹೀಗೆ ಛತ್ರದಿಂದ ಛತ್ರಕ್ಕೆ ಹೊತ್ತುಕೊಂಡು ತಿರುಗಲಾಗುತ್ತದೆಯೇ? ಮನೆಯಲ್ಲಿ ಬಿಟ್ಟರೆ ಗೌರಿ ಉಳಿಯಬೇಕು, ಆಗ ಅಂಗಡಿಯೂ ಇಲ್ಲ ಕಾಲೇಜೂ ಇಲ್ಲ.

"ಒಪ್ಕೊಳ್ಳಿ ಅತ್ತಿಗೆ," ಎಂದ ಗುರುಪ್ರಸಾದ, ತಟ್ಟೆಯಿಂದ ತಲೆ ಎತ್ತದೆ. "ಅವತ್ತು ನಾನು ರಜೆ ಹಾಕಿ ಅಣ್ಣನ ಹತ್ರ ಇರ್ತೀನಿ. ನಿಮ್ಮ ಎಲ್ಲ ಅಡುಗೆ ದಿನಗಳಿಗೂ ನಾನೋ, ನಮ್ಮನೆಯವಳೋ ಬರ್ತೀವಿ. ಗೌರಿ ಕಾಲೇಜಿಗೆ ಹೋಗ್ಲಿ."

ಪುಟ್ಟಣ್ಣ ಮುಂದಿನ ತುತ್ತಿಗೆ ಬಾಯಿ ತೆರೆದ.

ಭವಾನಿ ಸೆರಗಿಗೆ ಕೈ ಒರೆಸಿಕೊಂಡು ಹುಡುಗಿಯ ತಂದೆಯ ಕಡೆ ತಿರುಗಿದಳು.

"ಎಷ್ಟು ಎಲೆ ಆಗ್ಬಹುದು?" ಎಂದು ಕೇಳಿದಳು.